ಹಳಿಯ ಈಚೆಯ ಗಿರಾಕಿ: ಮುಂಬಯಿಯ ಸಣ್ಣ ವ್ಯಾಪಾರಕ್ಕೆ ಮೊಬೈಲ್ ಜಾಹೀರಾತು ಹಾಕುವ ಬಗೆ

ಮುಲುಂಡ್ ಪಶ್ಚಿಮದಲ್ಲಿ, ಸ್ಟೇಷನ್ನಿನಿಂದ ಐದು ನಿಮಿಷ ನಡೆಯುವಷ್ಟು ದೂರದಲ್ಲಿ ನಿಮ್ಮ ಹೋಟೆಲಿದೆ ಎಂದಿಟ್ಟುಕೊಳ್ಳಿ. ಜಾಹೀರಾತಿನ ಪುಟ ತೆರೆದು, ನಕ್ಷೆಯ ಮೇಲೆ ಪಿನ್ ಇಟ್ಟು, ಸುತ್ತ 3 ಕಿಲೋಮೀಟರಿನ ವೃತ್ತ ಎಳೆಯುತ್ತೀರಿ. ಆ ವೃತ್ತದೊಳಗೆ ಯಾರೆಲ್ಲ ಬಂದರು ನೋಡಿ. ಪಶ್ಚಿಮಕ್ಕೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡ, ಉತ್ತರಕ್ಕೆ ಠಾಣೆಯ ಅಂಚು, ಪೂರ್ವಕ್ಕೆ ಹಳಿಯ ಆಚೆಗಿನ ಮುಲುಂಡ್ ಈಸ್ಟ್. ಇವುಗಳ ನಡುವೆ ಡೊಂಬಿವಲಿ, ಕಲ್ಯಾಣದಿಂದ ಹೊರಟು ಸಿಎಸ್‌ಎಂಟಿ ಕಡೆಗೆ ಲೋಕಲ್‌ನಲ್ಲಿ ಫೋನ್ ನೋಡುತ್ತ ನಿಂತ ಸಾವಿರಾರು ಜನ. ಈಸ್ಟ್‌ನಲ್ಲಿರುವವರು ಒಂದು ಮಸಾಲೆ ದೋಸೆಗಾಗಿ ಸೇತುವೆ ಹತ್ತಿ ಇಳಿದು ಬರುವುದು ಅಪರೂಪ. ಲೋಕಲ್‌ನಲ್ಲಿದ್ದವರು ಮುಲುಂಡಿನಲ್ಲಿ ಇಳಿಯುವುದೇ ಇಲ್ಲ. ಆದರೆ ಅವರಿಗೆ ತೋರಿಸಿದ ಜಾಹೀರಾತಿನ ಹಣವೂ ನಿಮ್ಮ ಖಾತೆಯಿಂದಲೇ ಹೋಗುತ್ತದೆ.

ಮುಂಬಯಿಯಲ್ಲಿ ಸಣ್ಣ ವ್ಯಾಪಾರದವರ ಜಾಹೀರಾತಿನ ದುಡ್ಡು ಹೆಚ್ಚಾಗಿ ಸೋರುವುದು ಇಲ್ಲೇ. ಬೇರೆ ಊರುಗಳಲ್ಲಿ ವೃತ್ತ ಎಳೆದರೆ ಕೆಲಸ ನಡೆದೀತು. ಇಲ್ಲಿ ಏರಿಯಾವನ್ನು ಗೆರೆ ಹಾಕಿ ಬೇರ್ಪಡಿಸುವುದು ರೈಲು ಹಳಿ, ಖಾಡಿ (ಸಮುದ್ರದ ಹಿನ್ನೀರು) ಮತ್ತು ಹೆದ್ದಾರಿ. ಮಾನ್‌ಖುರ್ದ್‌ನಲ್ಲಿ ದೊಡ್ಡ ವೃತ್ತ ಎಳೆದರೆ ಅದು ಠಾಣೆ ಖಾಡಿಯನ್ನೇ ದಾಟಿ ವಾಶಿಗೆ ಹೋಗಿ ಕೂರುತ್ತದೆ.

ಏರಿಯಾ ಹಾಕುವುದು ಹೇಗೆ

ವೃತ್ತ ಬಿಡಿ, ಪಿನ್‌ಕೋಡ್ ಹಿಡಿಯಿರಿ. ಮುಂಬಯಿಯ ಪಿನ್‌ಕೋಡುಗಳು ಎಷ್ಟೋ ಕಡೆ ಹಳಿಯ ಎರಡು ಬದಿಗೆ ಬೇರೆ ಬೇರೆಯಾಗಿಯೇ ಇವೆ: ಮುಲುಂಡ್ ಪಶ್ಚಿಮ 400080, ಪೂರ್ವ 400081, ಘಾಟ್‌ಕೋಪರ್ ಪಶ್ಚಿಮ 400086, ಪೂರ್ವ 400077, ಡೊಂಬಿವಲಿ ಪೂರ್ವ 421201, ಪಶ್ಚಿಮ 421202. ಗೂಗಲ್ ಆ್ಯಡ್ಸ್‌ನಲ್ಲಿ ಸ್ಥಳದ ಜಾಗಕ್ಕೆ ಹೋಗಿ ಪಿನ್‌ಕೋಡ್ ಹಾಕಿ ಹುಡುಕಿ ಸೇರಿಸಬಹುದು, ಬೇಡದ್ದನ್ನು ಹೊರಗಿಡಲೂ ಬಹುದು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತಿಗೆ ಆ್ಯಡ್ಸ್ ಮ್ಯಾನೇಜರ್‌ನಲ್ಲಿ ಪಿನ್ ಇಡುವಾಗ ಅದನ್ನು ಅಂಗಡಿಯ ಮೇಲೆ ಇಡಬೇಡಿ. ನಿಮ್ಮ ಗಿರಾಕಿಗಳ ಮನೆಗಳು ದಟ್ಟವಾಗಿರುವ ಕಡೆಗೆ ಸರಿಸಿ ಚಿಕ್ಕ ವೃತ್ತ ಇಡಿ, ಹಳಿಯ ಆಚೆಗೆ ಇನ್ನೊಂದು ಪಿನ್ ಇಟ್ಟು ಅದನ್ನು ‘ಹೊರಗಿಡು’ ಎಂದು ಮಾಡಿ.

ಗೂಗಲ್‌ನಲ್ಲಿ ಇನ್ನೊಂದು ಬೀಗವಿದೆ. ಸ್ಥಳದ ಆಯ್ಕೆಯ ಒಳಗಡೆ ಮೊದಲೇ ಗುರುತು ಹಾಕಿರುವುದು ‘ಈ ಸ್ಥಳದಲ್ಲಿ ಇರುವವರು ಅಥವಾ ಈ ಸ್ಥಳದ ಬಗ್ಗೆ ಆಸಕ್ತಿ ತೋರಿದವರು’ ಎಂಬುದಕ್ಕೆ. ಅದನ್ನು ಹಾಗೇ ಬಿಟ್ಟರೆ ನಾಗಪುರದಲ್ಲಿ ಕೂತು ಮುಲುಂಡಿನ ಫ್ಲಾಟ್ ರೇಟು ಹುಡುಕಿದವರಿಗೂ ನಿಮ್ಮ ಇಡ್ಲಿ ಕಾಣಬಹುದು. ಅಲ್ಲಿ ‘ಇರುವವರು’ ಎಂಬುದನ್ನಷ್ಟೇ ಉಳಿಸಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾದಲ್ಲಿ ಈ ಆಯ್ಕೆ ಈಗ ಸಿಗುವುದಿಲ್ಲ. ಅಲ್ಲಿ ವಾಸಿಸುವವರು, ಇತ್ತೀಚೆಗೆ ಅಲ್ಲಿ ಹಾದುಹೋದವರು ಎಲ್ಲರೂ ಒಂದೇ ಲೆಕ್ಕ. ಆದ್ದರಿಂದ ಮೆಟಾದಲ್ಲಿ ಜಾಹೀರಾತಿನ ಮಾತೇ ಜರಡಿಯಾಗಬೇಕು. ‘ಮುಲುಂಡ್ ವೆಸ್ಟ್‌ನಲ್ಲಿ ಮಾತ್ರ ಮನೆಗೆ ತಲುಪಿಸುತ್ತೇವೆ’ ಎಂದು ಮೊದಲ ಸಾಲಿನಲ್ಲೇ ಇದ್ದರೆ ರೈಲಿನಲ್ಲಿ ಇದ್ದವರು ಒತ್ತುವುದಿಲ್ಲ. ಮೆಸೇಜ್ ಬರಲೆಂದು ಹಾಕುವ ಜಾಹೀರಾತಿನಲ್ಲಿ ಯಾರು ಮೆಸೇಜ್ ಮಾಡುತ್ತಾರೆ ಎಂಬುದನ್ನು ನೋಡಿ ಮೆಟಾ ಅಂಥವರನ್ನೇ ಹೆಚ್ಚು ಹುಡುಕುತ್ತದೆ. ಬೇಡದವರು ಮೆಸೇಜ್ ಮಾಡಿದರೆ ಮುಂದೆ ಬರುವವರೂ ಬೇಡದವರೇ.

ಹೊತ್ತನ್ನೂ ಹೀಗೇ ಕಟ್ಟಬೇಕು. ಬೆಳಿಗ್ಗೆ ಎಂಟರಿಂದ ಹತ್ತೂವರೆಯ ತನಕ ಲೋಕಲ್ ತುಂಬಿ ದಕ್ಷಿಣಕ್ಕೆ ಹೋಗುವವರೇ ಹೆಚ್ಚು. ಆಗ ಮಧ್ಯಾಹ್ನದ ಊಟದ ಜಾಹೀರಾತು ಉಪನಗರದಲ್ಲಿ ದಂಡ. ಅದೇ ಜನ ಸಂಜೆ ಆರರ ಮೇಲೆ ಮನೆ ಕಡೆ ತಿರುಗಿ ಇಳಿಯುತ್ತಾರೆ. ಪಾರ್ಸೆಲ್, ಮರುದಿನದ ಟಿಫಿನ್, ಭಾನುವಾರದ ನೀರು ದೋಸೆ ಎಲ್ಲಕ್ಕೂ ಸಂಜೆಯೇ ಸರಿಯಾದ ಹೊತ್ತು. ಗೂಗಲ್‌ನಲ್ಲಿ ಯಾವ ಬಜೆಟ್ಟಿಗೂ ಸಮಯಪಟ್ಟಿ ಹಾಕಬಹುದು. ಮೆಟಾದಲ್ಲಿ ಗಂಟೆ ಹಿಡಿದು ಓಡಿಸಬೇಕಾದರೆ ದಿನದ ಬಜೆಟ್ ಬಿಟ್ಟು ‘ಒಟ್ಟು ಅವಧಿಯ ಬಜೆಟ್’ ಆಯ್ದುಕೊಳ್ಳಬೇಕು. ಆ ಆಯ್ಕೆ ಕಾಣಿಸುತ್ತಿಲ್ಲ ಎಂದು ಹುಡುಕುವವರು ಬಹಳ, ಕಾರಣ ಇಷ್ಟೇ.

ದುಡ್ಡು ಹಾಕುವ ಮೊದಲು

ಗೂಗಲ್ ಹುಡುಕಾಟದಲ್ಲಿ, ನಕ್ಷೆಯಲ್ಲಿ ನಿಮ್ಮ ಅಂಗಡಿಯನ್ನು ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಪುಕ್ಕಟೆ. ಅದು ಸರಿಯಿಲ್ಲದೆ ಜಾಹೀರಾತಿಗೆ ದುಡ್ಡು ಸುರಿಯುವುದು ಷಟರ್ ಎಳೆದ ಅಂಗಡಿಯ ಮುಂದೆ ಕರಪತ್ರ ಹಂಚಿದ ಹಾಗೆ. ಹೆಸರು ಬೋರ್ಡಿನಲ್ಲಿ ಇದ್ದಂತೆಯೇ ಇರಲಿ. ‘ಬೆಸ್ಟ್ ಪ್ಯೂರ್ ವೆಜ್ ನಿಯರ್ ಸ್ಟೇಷನ್’ ಎಂದು ಹೆಸರಿಗೆ ಬಾಲ ಹಚ್ಚಿದರೆ ನಿಯಮ ಮುರಿದಂತೆ, ಪ್ರೊಫೈಲನ್ನೇ ಅಮಾನತು ಮಾಡಬಹುದು. ಈಗ ಪರಿಶೀಲನೆಗೆ ಸಾಮಾನ್ಯವಾಗಿ ವಿಡಿಯೊ ಕೇಳುತ್ತಾರೆ. ಬೀದಿ, ಬೋರ್ಡು, ಒಳಗಿನ ಗಲ್ಲಾ, ಬೀಗ ತೆಗೆಯುವ ಅಥವಾ ಅಡುಗೆಮನೆಗೆ ಹೋಗುವ ದೃಶ್ಯ ಎಲ್ಲವನ್ನೂ ನಡುವೆ ಕತ್ತರಿಸದೆ ಒಂದೇ ಓಟದಲ್ಲಿ ತೆಗೆಯಬೇಕು. ಮಹಾರಾಷ್ಟ್ರದಲ್ಲಿ ಬೋರ್ಡು ದೇವನಾಗರಿಯಲ್ಲಿ, ಮರಾಠಿಯಲ್ಲಿ ಇರಬೇಕಾದ್ದು ಕಾನೂನು. ಅದರ ಜತೆಗೆ ಇಂಗ್ಲಿಷಿನಲ್ಲಿರುವ ಹೆಸರೂ ವಿಡಿಯೊದಲ್ಲಿ ಓದುವಷ್ಟು ಸ್ಪಷ್ಟವಾಗಿ ಕಾಣಲಿ. ಪ್ರೊಫೈಲಿನ ಹೆಸರು ಒಂದು, ಬೋರ್ಡಿನದು ಇನ್ನೊಂದು ಆದರೆ ಪರಿಶೀಲನೆ ಅಲ್ಲೇ ನಿಲ್ಲುತ್ತದೆ.

ಮುಖ್ಯ ವರ್ಗ ಒಂದೇ, ಅದರ ಜತೆ ಇನ್ನೂ ಒಂಬತ್ತು ಸೇರಿಸಬಹುದು. ಹೋಟೆಲಿನವರು ಮುಖ್ಯ ವರ್ಗವಾಗಿ ಬರೀ ‘ರೆಸ್ಟೋರೆಂಟ್’ ಎಂದು ಬಿಡುತ್ತಾರೆ. ‘ಸೌತ್ ಇಂಡಿಯನ್ ರೆಸ್ಟೋರೆಂಟ್’ ಮಾಡಿ, ಕ್ಯಾಟರಿಂಗ್ ಇದ್ದರೆ ಅದನ್ನು ಎರಡನೆಯದಾಗಿ ಸೇರಿಸಿ. ನಕ್ಷೆಯ ಪಿನ್ನು ಬಾಗಿಲ ಮೇಲೆಯೇ ಬೀಳಬೇಕು. ಮಾಟುಂಗಾದಂಥ ಕಡೆ ಇದು ದೊಡ್ಡ ವಿಷಯ: ಮಧ್ಯ ರೈಲ್ವೆಯ ಮಾಟುಂಗಾ ಬೇರೆ, ಪಶ್ಚಿಮ ರೈಲ್ವೆಯ ಮಾಟುಂಗಾ ರೋಡ್ ಬೇರೆ. ಪಿನ್ನು ಕಟ್ಟಡದ ಹಿಂಬದಿಯ ಗಲ್ಲಿಗೆ ಬಿದ್ದಿದ್ದರೆ ನಕ್ಷೆ ಜನರನ್ನು ಆ ಗಲ್ಲಿಗೇ ಕರೆದೊಯ್ಯುತ್ತದೆ. ಹೋಟೆಲನ್ನು ನೋಡದ ಒಬ್ಬರ ಫೋನಿನಲ್ಲಿ ದಾರಿ ಹಾಕಿಸಿ ಸ್ಟೇಷನ್ನಿನಿಂದ ನಡೆದು ಬರಲು ಹೇಳಿ, ಒಂದೇ ಸಲಕ್ಕೆ ಗೊತ್ತಾಗುತ್ತದೆ.

ರಿವ್ಯೂ ಕೇಳಲು ಪ್ರೊಫೈಲಿನಲ್ಲೇ ಕೊಂಡಿ ಮತ್ತು ಕ್ಯೂಆರ್ ಸಿಗುತ್ತದೆ. ಮುದ್ರಿಸಿ ಗಲ್ಲಾದ ಬಳಿ ಇಡಿ. ರಿವ್ಯೂ ಹಾಕಿದರೆ ಕಾಫಿ ಪುಕ್ಕಟೆ ಎಂದು ಮಾತ್ರ ಹೇಳಬೇಡಿ, ಅದೂ ನಿಯಮಕ್ಕೆ ವಿರುದ್ಧ.

ಗೂಗಲ್‌ನಲ್ಲಿ ಯಾವ ಪದಕ್ಕೆ ದುಡ್ಡು, ಯಾವುದಕ್ಕೆ ಬೇಡ

ಹೊಸ ಖಾತೆ ತೆರೆದಾಗ ಗೂಗಲ್ ಸುಲಭದ ದಾರಿಯನ್ನೇ ತೋರಿಸುತ್ತದೆ. ಅಲ್ಲಿ ಯಾವ ಪದ ಹುಡುಕಿದವರಿಗೆ ಜಾಹೀರಾತು ಕಾಣಬೇಕು ಎಂಬುದರ ಮೇಲೆ ನಿಮ್ಮ ಹಿಡಿತ ಇರುವುದಿಲ್ಲ. ‘ಎಕ್ಸ್‌ಪರ್ಟ್ ಮೋಡ್’ಗೆ ಹೋಗಿ, ಸರ್ಚ್ ಕ್ಯಾಂಪೇನ್ ಮಾಡಿ. ನೆಟ್‌ವರ್ಕ್ ಎಂಬಲ್ಲಿ ಡಿಸ್ಪ್ಲೇ (ಬೇರೆ ವೆಬ್‌ಸೈಟ್, ಆ್ಯಪ್‌ಗಳಲ್ಲಿ ಕಾಣುವುದು) ಮತ್ತು ಸರ್ಚ್ ಪಾರ್ಟ್ನರ್ (ಗೂಗಲ್‌ನ ಜತೆಗಾರ ತಾಣಗಳ ಹುಡುಕಾಟ) ಎರಡಕ್ಕೂ ಮೊದಲೇ ಟಿಕ್ ಇದ್ದರೆ ಎರಡನ್ನೂ ತೆಗೆಯಿರಿ. ದಿನಕ್ಕೆ ಮುನ್ನೂರು, ಐನೂರು ರೂಪಾಯಿ ಹಾಕುವವರಿಗೆ ಅವು ಬೇಡ.

ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಅದೇ ಅರ್ಥದ ಹುಡುಕಾಟಕ್ಕೆ, ಚೌಕ ಆವರಣದೊಳಗೆ ಹಾಕಿದರೆ ಇನ್ನೂ ಬಿಗಿಯಾಗಿ ಕಾಣುತ್ತದೆ. ಏನೂ ಹಾಕದಿದ್ದರೆ ಗೂಗಲ್ ತನಗೆ ಸಂಬಂಧ ಕಂಡಲ್ಲೆಲ್ಲ ತೋರಿಸುತ್ತದೆ. ಕನ್ನಡಿಗರ ವ್ಯಾಪಾರಕ್ಕೆ ಇದರಲ್ಲಿ ಒಂದು ವಿಶೇಷ ತೊಂದರೆ ಇದೆ. ನಮ್ಮ ಅಂಗಡಿಗಳ ಹೆಸರೇ ಊರಿನ ಹೆಸರು. ‘ಉಡುಪಿ’ ಎಂದು ಬಿಡಿಯಾಗಿ ಹಾಕಿದರೆ ಉಡುಪಿಗೆ ಬಸ್ಸು ಹುಡುಕುವವರು, ಕೃಷ್ಣ ಮಠದ ದರ್ಶನದ ಹೊತ್ತು ಕೇಳುವವರು, ಉಡುಪಿ ಸೀರೆ ನೋಡುವವರು ಎಲ್ಲರೂ ನಿಮ್ಮ ಜಾಹೀರಾತನ್ನು ಒತ್ತುತ್ತಾರೆ. ಮೀನೂಟದ ಹೋಟೆಲಿನವರು ‘ಮಂಗಳೂರು’ ಎಂದು ಹಾಕಿದರೆ ಹಂಚು, ವಿಮಾನ ನಿಲ್ದಾಣ, ಯೂನಿವರ್ಸಿಟಿ ರಿಸಲ್ಟ್ ಎಲ್ಲ ಬರುತ್ತವೆ. ‘ಹೋಟೆಲ್’ ಎಂಬ ಪದವಂತೂ ಮುಂಬಯಿಯಲ್ಲಿ ಅರ್ಧ ಜನಕ್ಕೆ ಊಟ, ಅರ್ಧ ಜನಕ್ಕೆ ರೂಮು.

ಆದ್ದರಿಂದ ಬೇಡದ ಪದಗಳ (ನೆಗೆಟಿವ್ ಕೀವರ್ಡ್) ಪಟ್ಟಿಯನ್ನು ಮೊದಲ ದಿನವೇ ಹಾಕಿ: ಬಸ್, ಟ್ರೇನ್, ಟಿಕೆಟ್, ಮಠ, ಟೆಂಪಲ್, ಸೀರೆ, ಹಂಚು, ಏರ್‌ಪೋರ್ಟ್, ರೂಮ್, ಲಾಡ್ಜ್, ಬುಕಿಂಗ್, ಜಾಬ್, ವೇಕೆನ್ಸಿ, ಸ್ಯಾಲರಿ, ರೆಸಿಪಿ. ಜನ ಹುಡುಕುವ ಲಿಪಿಯಲ್ಲೇ, ಅಂದರೆ ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು. ಬೇಡದ ಪದಗಳ ವಿಷಯದಲ್ಲಿ ಗೂಗಲ್ ಏಕವಚನ, ಬಹುವಚನ, ಸಮಾನಾರ್ಥ ಎಂದು ತಾನಾಗಿ ಹಿಗ್ಗಿಸುವುದಿಲ್ಲ. ರೂಮ್ ಹಾಕಿದರೆ ರೂಮ್ಸ್ ನಿಲ್ಲುವುದಿಲ್ಲ, ಎರಡನ್ನೂ ಬರೆಯಿರಿ. ನಂತರ ವಾರಕ್ಕೊಮ್ಮೆ ‘ಸರ್ಚ್ ಟರ್ಮ್ಸ್’ ವರದಿ ತೆರೆದು ಜನ ನಿಜಕ್ಕೂ ಏನು ಹುಡುಕಿ ಬಂದರು ಎಂದು ಓದಿ. ಇಡೀ ಕೆಲಸದಲ್ಲಿ ಹತ್ತು ನಿಮಿಷಕ್ಕೆ ಇಷ್ಟು ಫಲ ಕೊಡುವುದು ಬೇರೆ ಇಲ್ಲ.

ಜಾಹೀರಾತಿನ ಶೀರ್ಷಿಕೆ ತಲಾ 30 ಅಕ್ಷರ, ಹದಿನೈದರ ತನಕ ಕೊಡಬಹುದು. ವಿವರಣೆ ತಲಾ 90 ಅಕ್ಷರ, ನಾಲ್ಕು. ಏರಿಯಾದ ಹೆಸರು, ತೆರೆಯುವ ಹೊತ್ತು, ಒಂದು ಬೆಲೆ ಇವು ಮೂರು ಶೀರ್ಷಿಕೆಗಳಲ್ಲಿ ಇರಲೇಬೇಕು. ‘ಮುಂಬಯಿಯಲ್ಲೇ ನಂಬರ್ ಒನ್’ ಎಂದು ಬರೆಯಬೇಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಅಂಥ ಮಾತಿಗೆ ಆಧಾರ ಕೊಡಬೇಕಾಗುತ್ತದೆ.

ಯಾವ ಭಾಷೆಯಲ್ಲಿ

ಮುಂಬಯಿ ಕನ್ನಡಿಗರ ಫೋನು ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಮನೆಯಲ್ಲಿ ತುಳು ಅಥವಾ ಕನ್ನಡ, ಹೊರಗೆ ಮರಾಠಿ, ಹಿಂದಿ. ಮೆಟಾದಲ್ಲಿ ಭಾಷೆ ‘ಕನ್ನಡ’ ಎಂದು ಬಿಗಿ ಮಾಡಿದರೆ ನಮ್ಮವರಲ್ಲೇ ಬಹುಪಾಲು ಜನ ತಪ್ಪಿಹೋಗುತ್ತಾರೆ. ಭಾಷೆಯ ಜಾಗ ಖಾಲಿ ಬಿಟ್ಟು, ಬರಹವನ್ನು ಕನ್ನಡದಲ್ಲಿ ಹಾಕಿ. ಓದಬಲ್ಲವರು ತಾವಾಗಿ ನಿಲ್ಲುತ್ತಾರೆ.

ಎಲ್ಲಕ್ಕೂ ಕನ್ನಡ ಬೇಕೆಂದೇನಿಲ್ಲ. ಹೋಟೆಲಿನ ಗಿರಾಕಿ ಎಲ್ಲ ಭಾಷೆಯವರು, ಅಲ್ಲಿ ಮರಾಠಿ ಮತ್ತು ಇಂಗ್ಲಿಷ್ ಸಾಕು. ಕನ್ನಡ ಕೆಲಸ ಮಾಡುವುದು ನಮ್ಮವರು ನಮ್ಮವರನ್ನೇ ಹುಡುಕುವ ಕಡೆ: ಮುಂಜಿ, ಮದುವೆಯ ಅಡುಗೆ, ಸತ್ಯನಾರಾಯಣ ಪೂಜೆಯ ಪ್ರಸಾದ, ಯಕ್ಷಗಾನದ ಟಿಕೆಟ್, ಊರಿಗೆ ಹೋಗುವ ಬಸ್ಸು, ಕುಚ್ಚಲಕ್ಕಿ ಮತ್ತು ಊರಿನ ಸಾಮಾನು ಮಾರುವ ಅಂಗಡಿ. ಇಲ್ಲಿ ‘ಬಾಳೆಎಲೆ ಊಟ, ಕೋಸಂಬರಿಯಿಂದ ಹೋಳಿಗೆವರೆಗೆ’ ಎಂದು ಒಂದು ಸಾಲು ಬರೆದರೆ ಹಿಂದಿಯ ಹತ್ತು ಸಾಲಿನಲ್ಲಿ ಹೇಳಲಾಗದ್ದು ಮುಟ್ಟುತ್ತದೆ.

ದೋಸೆಯ ವಿಡಿಯೊ

ರೀಲ್ಸ್‌ಗೆ ನಿಲುವಿನ ಚೌಕಟ್ಟು, 9ಕ್ಕೆ 16, ಅಂದರೆ 1080ಕ್ಕೆ 1920. ಮೇಲಿನ ಸುಮಾರು ಶೇ 14 ಮತ್ತು ಕೆಳಗಿನ ಶೇ 35 ಭಾಗವನ್ನು ಖಾಲಿ ಬಿಡಿ. ಅಲ್ಲಿ ಖಾತೆಯ ಹೆಸರು, ಬಟನ್, ಬರಹ ಬಂದು ನಿಮ್ಮ ಅಕ್ಷರಗಳನ್ನು ಮುಚ್ಚುತ್ತವೆ.

ಹಿಡಿಯುವ ಮೊದಲು ಲೆನ್ಸ್ ಒರೆಸಿ. ಅಡುಗೆಮನೆಯಲ್ಲಿಟ್ಟ ಫೋನಿನ ಮೇಲೆ ಎಣ್ಣೆಯ ಪದರ ಇದ್ದೇ ಇರುತ್ತದೆ, ಬಂದ ಚಿತ್ರವೆಲ್ಲ ಮಂಜು ಮಂಜು. ಚಿತ್ರದ ಮೇಲೆ ಅಡ್ಡಡ್ಡ ಪಟ್ಟಿಗಳು ಓಡುತ್ತಿದ್ದರೆ ಅದು ಟ್ಯೂಬ್‌ಲೈಟ್ ಅಥವಾ ಎಲ್‌ಇಡಿಯ ಮಿನುಗು. ನಮ್ಮ ಕರೆಂಟು 50 ಹರ್ಟ್ಜ್. ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಆಂಟಿ ಫ್ಲಿಕರ್ 50 ಹರ್ಟ್ಜ್ ಇಡಿ, ಪ್ರೊ ಮೋಡ್ ಇದ್ದರೆ ಸೆಕೆಂಡಿಗೆ 25 ಫ್ರೇಮು, ಷಟರ್ 1/50. ಬೆಳಕು ಕಾವಲಿಯ ಹಿಂದಿನಿಂದ ಅಥವಾ ಪಕ್ಕದಿಂದ ಬಂದರೆ ಮಾತ್ರ ಹಬೆ ಕಾಣುತ್ತದೆ. ಮುಂದಿನಿಂದ ಬಂದರೆ ಹಬೆಯೇ ಇಲ್ಲ.

ಮೊದಲ ಮೂರು ಸೆಕೆಂಡು ಎಲ್ಲವನ್ನೂ ನಿರ್ಧರಿಸುತ್ತದೆ. ಲೋಗೊ, ನಮಸ್ಕಾರ, ಹೋಟೆಲಿನ ಹೊರಾಂಗಣ ಯಾವುದೂ ಬೇಡ. ಕಾದ ಕಾವಲಿಗೆ ನೀರು ಚಿಮುಕಿಸಿ ಚುರ್ ಎನ್ನುವ ಕ್ಷಣದಿಂದಲೇ ಶುರು ಮಾಡಿ, ಹಿಟ್ಟು ಹರಡುವುದು, ಬೆಣ್ಣೆ ಕರಗುವುದು, ಮಗುಚಿ ತಟ್ಟೆಗೆ ಬೀಳುವುದು, ಕೊನೆಗೆ ಬೆಲೆ ಮತ್ತು ಏರಿಯಾ. ಎಲ್ಲ ಸೇರಿ ಹದಿನೈದು ಸೆಕೆಂಡು. ಎಷ್ಟೋ ಜನ ದನಿ ಮುಚ್ಚಿ ನೋಡುತ್ತಾರೆ, ಹಾಗಾಗಿ ಹೇಳಬೇಕಾದ್ದು ಅಕ್ಷರದಲ್ಲೂ ಇರಲಿ. ಸಿನಿಮಾ ಹಾಡು ಹಾಕಬೇಡಿ: ಹಕ್ಕು ಇಲ್ಲದ ಸಂಗೀತವಿರುವ ರೀಲನ್ನು ಬೂಸ್ಟ್ ಮಾಡಲು, ಅಂದರೆ ದುಡ್ಡು ಕೊಟ್ಟು ಹೆಚ್ಚು ಜನಕ್ಕೆ ತೋರಿಸಲು, ಬಿಡುವುದಿಲ್ಲ. ಕಾವಲಿಯ ಸದ್ದೇ ಸಾಕು, ಅದರಷ್ಟು ಒಳ್ಳೆಯ ಸಂಗೀತ ಈ ವಿಡಿಯೊಗೆ ಇನ್ನೊಂದಿಲ್ಲ.

ವಾಟ್ಸ್ಆ್ಯಪ್‌ಗೆ ಬಂದವರನ್ನು ಹಿಡಿಯುವುದು

ವೆಬ್‌ಸೈಟ್ ಇಲ್ಲದ ಕ್ಯಾಟರಿಂಗ್‌ನವರಿಗೆ, ಟಿಫಿನ್‌ನವರಿಗೆ, ಟೈಲರಿಗೆ ಮೆಟಾದಲ್ಲಿ ಹೆಚ್ಚು ಒಗ್ಗುವುದು ಒತ್ತಿದರೆ ವಾಟ್ಸ್ಆ್ಯಪ್ ತೆರೆಯುವ ಜಾಹೀರಾತು. ಇದನ್ನು ‘ಬೂಸ್ಟ್’ ಬಟನ್ನಿನಿಂದ ಮಾಡುವ ಬದಲು ಆ್ಯಡ್ಸ್ ಮ್ಯಾನೇಜರ್‌ನಲ್ಲಿ ಮಾಡಿ. ಏರಿಯಾ ಹೊರಗಿಡುವುದು, ಸಮಯ ಕಟ್ಟುವುದು ಎಲ್ಲ ಅಲ್ಲಿದೆ.

ಒತ್ತಿದಾಗ ಮೊದಲೇ ಬರೆದಿಟ್ಟ ಮೆಸೇಜು ಬರುವಂತೆ ಮಾಡಬಹುದು. ಅದರಲ್ಲಿ ಜಾಹೀರಾತಿನ ಗುರುತು ಸೇರಿಸಿ: ‘ಮುಂಜಿ ಊಟದ ರೇಟ್ ಬೇಕು, ಎಂ1’, ಇನ್ನೊಂದಕ್ಕೆ ‘ಎಂ2’. ಯಾವುದು ಗಿರಾಕಿಯನ್ನು ತಂದಿತು ಎಂಬುದು ಚಾಟಿನಲ್ಲೇ ಉಳಿಯುತ್ತದೆ. ವಾಟ್ಸ್ಆ್ಯಪ್ ಬಿಸಿನೆಸ್‌ನ ಸ್ವಾಗತದ ಮೆಸೇಜಿನಲ್ಲಿ ಮೂರೇ ಪ್ರಶ್ನೆ ಇಡಿ: ಯಾವ ತಾರೀಖು, ಎಷ್ಟು ಜನ, ಯಾವ ಏರಿಯಾ. ಲೇಬಲ್ ಹಚ್ಚುತ್ತ ಹೋಗಿ: ಹೊಸದು, ರೇಟ್ ಕಳಿಸಿದ್ದು, ಅಡ್ವಾನ್ಸ್ ಬಂದದ್ದು, ಬೇರೆ ಏರಿಯಾ. ವಾರದ ಕೊನೆಗೆ ‘ಬೇರೆ ಏರಿಯಾ’ ತುಂಬಿದ್ದರೆ ತಪ್ಪು ನಕ್ಷೆಯಲ್ಲಿದೆ. ‘ರೇಟ್ ಕಳಿಸಿದ್ದು’ ತುಂಬಿ ಅಡ್ವಾನ್ಸ್ ಖಾಲಿ ಇದ್ದರೆ ತಪ್ಪು ರೇಟಿನಲ್ಲಿ ಅಥವಾ ಮಾತಿನಲ್ಲಿದೆ, ಜಾಹೀರಾತನ್ನು ಬದಲಿಸಿ ಪ್ರಯೋಜನವಿಲ್ಲ.

ಉತ್ತರಿಸುವವರು ಇಲ್ಲದ ಹೊತ್ತಿನಲ್ಲಿ ಜಾಹೀರಾತು ಓಡಿಸಬೇಡಿ. ರಾತ್ರಿ ಒಂದಕ್ಕೆ ಬಂದ ಮೆಸೇಜಿಗೆ ಬೆಳಿಗ್ಗೆ ಹನ್ನೊಂದಕ್ಕೆ ಉತ್ತರ ಹೋದರೆ ಅವರು ಅಷ್ಟರಲ್ಲಿ ಮೂರು ಕಡೆ ಕೇಳಿ ಆಗಿರುತ್ತದೆ.

ಸಂಘದ ಡೈರೆಕ್ಟರಿಯಿಂದ ನಂಬರ್ ಎತ್ತಿ ಎಲ್ಲರಿಗೂ ಕಳಿಸುವ ಅಭ್ಯಾಸ ಇಲ್ಲಿ ಇದೆ. ದಯವಿಟ್ಟು ಬಿಡಿ. ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ, ಅದರಲ್ಲೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಅದು ತಲುಪುತ್ತದೆ. ಒಬ್ಬೊಬ್ಬರಿಗೆ ಕಳಿಸಿದರೆ ಕೆಲವರು ರಿಪೋರ್ಟ್ ಮಾಡುತ್ತಾರೆ, ವರ್ಷಗಟ್ಟಲೆ ಬೋರ್ಡಿನ ಮೇಲಿದ್ದ ನಂಬರೇ ಬ್ಲಾಕ್ ಆಗಿಬಿಡಬಹುದು. ಎಸ್‌ಎಂಎಸ್ ಆದರೆ ಡಿಎಲ್‌ಟಿ ನೋಂದಣಿ (ಟೆಲಿಕಾಂ ಕಂಪನಿಗಳ ಬಳಿ ಕಳಿಸುವವರು ಮಾಡಿಸುವ ನೋಂದಣಿ) ಬೇಕು, ಪ್ರಚಾರದ ಮೆಸೇಜು ಬೆಳಿಗ್ಗೆ 10ರಿಂದ ರಾತ್ರಿ 9ರ ಒಳಗೆ ಮಾತ್ರ.

ಲೆಕ್ಕ

ಜಾಹೀರಾತಿನ ಮೇಲೆ ಶೇ 18 ಜಿಎಸ್‌ಟಿ ಇದೆ. ಗೂಗಲ್‌ನಲ್ಲಿ ಮುಂಗಡವಾಗಿ 1,000 ರೂಪಾಯಿ ಕಟ್ಟಿದರೆ ಜಾಹೀರಾತಿಗೆ ಸಿಗುವುದು ಸುಮಾರು 847. ಬಟ್ಟೆ, ಚಿನ್ನ, ಫರ್ನಿಚರ್‌ನವರು ಜಿಎಸ್‌ಟಿ ನಂಬರ್ ಹಾಕಿದರೆ ಆ ತೆರಿಗೆಯನ್ನು ಮರಳಿ ಹೊಂದಿಸಿಕೊಳ್ಳಬಹುದು. ಶೇ 5ರಲ್ಲಿ ಕಟ್ಟುವ ಹೋಟೆಲಿನವರಿಗೆ ಆ ಸೌಲಭ್ಯ ಇಲ್ಲ. ಅವರಿಗೆ ಅದು ಪೂರಾ ಖರ್ಚು.

ದಿನಕ್ಕೆ 500 ಎಂದರೆ ತೆರಿಗೆ ಸೇರಿ 590. ಒಂದು ಬಿಲ್ಲು 250 ರೂಪಾಯಿ, ಸಾಮಾನು, ಗ್ಯಾಸು, ಪ್ಯಾಕಿಂಗ್ ಕಳೆದು 100 ಉಳಿಯುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ ಆರು ಹೊಸ ಬಿಲ್ಲು ಬಂದರಷ್ಟೇ ಅಸಲು. ಆ ಆರು ಜನ ಮತ್ತೆ ಮತ್ತೆ ಬರುವ ಮನೆಯವರಾದರೆ ಲಾಭ, ಒಮ್ಮೆ ಬಂದು ಹೋಗುವವರಾದರೆ ಅಸಲಿಗಷ್ಟೇ ಸರಿ. ಹತ್ತಿರದವರನ್ನೇ ಹುಡುಕಬೇಕು ಎನ್ನುವುದು ಇದಕ್ಕೇ. ಕ್ಯಾಟರಿಂಗ್‌ನ ಲೆಕ್ಕ ಬೇರೆ: 200 ಎಲೆ, ಎಲೆಗೆ 450, ಒಟ್ಟು 90,000. ಅದರಲ್ಲಿ ಐದನೇ ಒಂದು ಉಳಿದರೂ 18,000. ತಿಂಗಳಿಗೆ ಒಂದೇ ಕಾರ್ಯಕ್ರಮ ಸಿಕ್ಕರೂ ದಿನಕ್ಕೆ 590ರಂತೆ ಮೂವತ್ತು ದಿನದ 17,700ರ ಖರ್ಚು ಗಿಟ್ಟುತ್ತದೆ. ಅಂಥವರು ಖಾಡಿ ದಾಟಿ ವಾಶಿ, ನೆರೂಲ್‌ಗೂ ಜಾಹೀರಾತು ಹಾಕಬಹುದು, ಟೆಂಪೊ ಬಾಡಿಗೆಯನ್ನು ರೇಟಿನಲ್ಲಿ ಸೇರಿಸಿದರೆ ಆಯಿತು.

ಗೂಗಲ್ ಒಂದೊಂದು ದಿನ ನೀವು ಹೇಳಿದ್ದರ ಎರಡರಷ್ಟು ಖರ್ಚು ಮಾಡೀತು, ಗಾಬರಿ ಬೇಡ. ತಿಂಗಳಿಗೆ ದಿನದ ಬಜೆಟ್ಟಿನ 30.4 ಪಟ್ಟು ದಾಟುವುದಿಲ್ಲ. ಮೆಟಾದಲ್ಲಿ ಜಾಹೀರಾತನ್ನು ಯಾರಿಗೆ ತೋರಿಸಬೇಕೆಂದು ಕಲಿಯುವ ಹಂತ ದಾಟಲು ವಾರಕ್ಕೆ ಸುಮಾರು 50 ಫಲಿತಾಂಶ ಬೇಕು. ಸಣ್ಣ ಬಜೆಟ್ಟಿನಲ್ಲಿ 50 ಆರ್ಡರ್ ಬರುವುದಿಲ್ಲ, 50 ಮೆಸೇಜು ಬರಬಹುದು, ಹಾಗಾಗಿ ಗುರಿ ಮೆಸೇಜೇ ಇರಲಿ. ಒಂದು ಕ್ಯಾಂಪೇನ್, ಅದರೊಳಗೆ ಏರಿಯಾ, ಸಮಯ ಹಾಕುವ ಒಂದು ಆ್ಯಡ್ ಸೆಟ್, ಎರಡೋ ಮೂರೋ ವಿಡಿಯೊ, ಅಷ್ಟೇ. ಎರಡು ದಿನಕ್ಕೊಮ್ಮೆ ಏರಿಯಾ, ಬಜೆಟ್ ಕೆದಕಿದರೆ ಕಲಿಕೆ ಮತ್ತೆ ಮೊದಲಿನಿಂದ ಶುರು. ಎರಡು ವಾರ ಮುಟ್ಟದೆ ಬಿಡಿ. ಗಲ್ಲಾದಲ್ಲಿ ಒಂದು ನೋಟ್‌ಬುಕ್ ಇಟ್ಟು, ಹೊಸ ಮುಖ ಕಂಡಾಗ ‘ಎಲ್ಲಿ ನೋಡಿ ಬಂದಿರಿ’ ಎಂದು ಕೇಳಿ ಗೆರೆ ಎಳೆಯಲು ಹೇಳಿ. ಪರದೆಯ ಮೇಲಿನ ಅಂಕಿಗಿಂತ ಆ ಗೆರೆಗಳು ನಂಬಲು ಯೋಗ್ಯ.

ಖಾತೆ ಯಾರ ಹೆಸರಲ್ಲಿ

ಏಜೆನ್ಸಿಗೆ ಕೆಲಸ ಕೊಟ್ಟರೂ ಜಾಹೀರಾತಿನ ಖಾತೆ, ಪೇಜು, ಗೂಗಲ್ ಪ್ರೊಫೈಲು ಎಲ್ಲ ಮಾಲೀಕರ ಇಮೇಲಿನಲ್ಲೇ ತೆರೆದಿರಬೇಕು. ಏಜೆನ್ಸಿಯವರಿಗೆ ಪ್ರವೇಶ ಕೊಟ್ಟರೆ ಸಾಕು, ಬೇಡವಾದಾಗ ತೆಗೆಯಬಹುದು. ಅವರ ಖಾತೆಯಲ್ಲಿ ಓಡಿಸಿದರೆ ಬಿಟ್ಟ ದಿನ ಯಾವ ಪದ ಫಲ ಕೊಟ್ಟಿತು, ಯಾರು ಒತ್ತಿದರು ಎಂಬ ಇತಿಹಾಸವೆಲ್ಲ ಅವರ ಜತೆ ಹೋಗುತ್ತದೆ. ಎರಡು ಹಂತದ ಭದ್ರತೆ ಹಾಕಿಕೊಳ್ಳಿ. ‘ನಿಮ್ಮ ಪೇಜು 24 ಗಂಟೆಯಲ್ಲಿ ಅಳಿಸಿಹೋಗುತ್ತದೆ, ಇಲ್ಲಿ ಒತ್ತಿ’ ಎಂದು ಮೆಸೆಂಜರಿಗೆ ಬರುವುದು ಕಳ್ಳರ ಮೆಸೇಜು. ಒಟಿಪಿ ಕೊಟ್ಟರೆ ನಿಮ್ಮ ಕಾರ್ಡಿನಲ್ಲಿ ಬೇರೆಯವರ ಜಾಹೀರಾತು ಓಡುತ್ತದೆ.

ಮೇ ತಿಂಗಳಲ್ಲಿ ಅರ್ಧ ಸ್ಟಾಫು ಊರಿಗೆ ಹೋದಾಗ, ಪಿತೃಪಕ್ಷದಲ್ಲಿ ಕಾರ್ಯಕ್ರಮಗಳಿಲ್ಲದಾಗ ಜಾಹೀರಾತು ನಿಲ್ಲಿಸಿ, ಪ್ರೊಫೈಲಿನಲ್ಲಿ ವಿಶೇಷ ಸಮಯ ಹಾಕಿ. ಮದುವೆ, ಮುಂಜಿಯ ಅಡುಗೆಯವರು ಮುಹೂರ್ತಗಳಿಗೆ ಆರೆಂಟು ವಾರ ಮೊದಲೇ ಶುರು ಮಾಡಿ. ಹಾಲ್ ಬುಕ್ ಮಾಡಿದ ಮನೆಯವರು ಅಡುಗೆಯವರನ್ನು ಹುಡುಕುವುದು ಆಗಲೇ.